ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ 14,000 ಕಿ.ಮೀ., ಸಮಯ ಮಾತ್ರ ಯಾರ ಯಾರದೋ ಕೈಯಲ್ಲಿ

ಮೊದಲು ನೇರವಾದ ಉತ್ತರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್, ಮೈಲಿ ಲೆಕ್ಕದಲ್ಲಿ ಸುಮಾರು 8,700. ನೇರ ವಿಮಾನ ಸಿಕ್ಕರೆ ಇಲ್ಲಿಂದ ಅಲ್ಲಿಗೆ ಸುಮಾರು 16 ಗಂಟೆ, ಅಲ್ಲಿಂದ ಇಲ್ಲಿಗೆ 17ರಿಂದ 18 ಗಂಟೆ. ನಡುವೆ ಒಂದು ಕಡೆ ಇಳಿದು ಹತ್ತಿದರೆ 21ರಿಂದ 28 ಗಂಟೆ. ಎರಡೂ ಊರಿನ ಗಡಿಯಾರಗಳ ವ್ಯತ್ಯಾಸ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ.

ಟಿಕೆಟ್ ಹುಡುಕೋಕೆ ಇಷ್ಟು ಸಾಕು. ಆದರೆ ಈ ಸಂಖ್ಯೆಗಳಲ್ಲಿ ಮೊದಲನೆಯದು ಮಾತ್ರ ಸ್ಥಿರ. ಉಳಿದವೆಲ್ಲ ಗಾಳಿಯ ಮೇಲೆ, ಇಂಧನದ ಮೇಲೆ, ಅದಕ್ಕಿಂತ ಹೆಚ್ಚಾಗಿ ದೆಹಲಿ, ಇಸ್ಲಾಮಾಬಾದ್, ಮಾಸ್ಕೊ, ವಾಷಿಂಗ್ಟನ್‌ಗಳಲ್ಲಿ ಕೂತವರ ಸಹಿಯ ಮೇಲೆ ನಿಂತಿವೆ. ನನ್ನ ಇಂಜಿನಿಯರಿಂಗ್ ಬ್ಯಾಚ್‌ನವರು ಬಹಳ ಜನ ಈಗ ಬೇ ಏರಿಯಾದಲ್ಲಿದ್ದಾರೆ. ಅವರ ಅಪ್ಪ-ಅಮ್ಮಂದಿರು ದಾವಣಗೆರೆ, ಮೈಸೂರು, ಕಲಬುರಗಿ, ಶಿರಸಿಗಳಲ್ಲಿದ್ದಾರೆ. ಹಾಗಾಗಿ ಈ ಎರಡು ಊರುಗಳ ನಡುವಿನ ದೂರ ನಮ್ಮ ಕಾಲದ ಕರ್ನಾಟಕದ ಒಂದು ಸಾಮಾಜಿಕ ಸಂಗತಿಯೂ ಹೌದು. ಒಂದೊಂದಾಗಿ ನೋಡೋಣ.

ನೇರ ಗೆರೆ ಅಂದರೆ ಯಾವುದು?

ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತೆ. ಅದು ಸುಳ್ಳು ಗೆರೆ. ದುಂಡಗಿರುವ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಬಿಡಿಸುವಾಗ ಉತ್ತರದ ಪ್ರದೇಶಗಳು ರಬ್ಬರಿನಂತೆ ಹಿಗ್ಗುತ್ತವೆ, ಅದಕ್ಕೆ ಆ ಭ್ರಮೆ. ಶಾಲೆಯ ಗ್ಲೋಬ್ ಸಿಕ್ಕರೆ ಒಂದು ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಉತ್ತರಕ್ಕೆ ಜಾರುತ್ತೆ. ಅದೇ ಮಹಾವೃತ್ತ, ಗೋಳದ ಮೇಲಿನ ಅತಿ ಕಡಿಮೆ ದೂರದ ದಾರಿ.

ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದರೆ ಈ ದಾರಿ ಬೆಂಗಳೂರಿನಿಂದ ಹೆಚ್ಚೂಕಡಿಮೆ ಉತ್ತರಕ್ಕೆ, ಸುಮಾರು 20 ಡಿಗ್ರಿಯಷ್ಟೇ ಪೂರ್ವಕ್ಕೆ ವಾಲಿ ಹೊರಡುತ್ತದೆ. ತೆಲಂಗಾಣ, ಮಧ್ಯಪ್ರದೇಶ, ಉತ್ತರಪ್ರದೇಶದ ಪೂರ್ವಭಾಗ, ನೇಪಾಳ, ಟಿಬೆಟ್, ಚೀನಾದ ಷಿಂಜಿಯಾಂಗ್, ಮಂಗೋಲಿಯಾ, ಸೈಬೀರಿಯಾ. ಆಮೇಲೆ ಆರ್ಕ್ಟಿಕ್ ಅಂಚಿನಲ್ಲಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲಾಸ್ಕಾದ ಮೇಲೆ ಇಳಿಜಾರಾಗಿ ಪೆಸಿಫಿಕ್ ಕರಾವಳಿಗೆ ಬರುತ್ತದೆ. ಭೂಮಿಯ ಮೇಲಿನ ಯಾವುದೇ ಎರಡು ಜಾಗಗಳ ನಡುವೆ ಇರಬಹುದಾದ ಗರಿಷ್ಠ ದೂರವೇ ಸುಮಾರು 20,000 ಕಿ.ಮೀ. ಅಂದರೆ ನಮ್ಮವರು ಆ ಮಿತಿಯ ಶೇ 70ರಷ್ಟು ದೂರದಲ್ಲಿ ಕೂತಿದ್ದಾರೆ.

ಇನ್ನೊಂದು ಸ್ವಾರಸ್ಯ: ದೆಹಲಿಗೆ ಹೋಗಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹಾರಿದರೆ ಒಟ್ಟು ದೂರ ಹೆಚ್ಚುವುದು ಬರೀ 100 ಕಿ.ಮೀ. ಆಸುಪಾಸು. ಯಾಕೆಂದರೆ ದೆಹಲಿ ಹೆಚ್ಚುಕಡಿಮೆ ದಾರಿಯಲ್ಲೇ ಇದೆ. "ದೆಹಲಿ ಸುತ್ತಿ ಹೋಗ್ಬೇಕಲ್ಲಪ್ಪ" ಅಂತ ಗೊಣಗುವವರಿಗೆ ಕಿಲೋಮೀಟರ್ ನಷ್ಟ ಇಲ್ಲ. ನಷ್ಟ ಆಗುವುದು ಕಾಯುವ ಗಂಟೆಗಳದ್ದು.

ಹಾಗಾದರೆ ಆ ಗೆರೆಯ ಮೇಲೇ ಯಾಕೆ ಹಾರಲ್ಲ?

ಟಿಬೆಟ್ ಇದೆಯಲ್ಲ, ಅದೇ ಮೊದಲ ಅಡ್ಡಿ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಹೋದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲೆ ಬೀಳುವ ಆಕ್ಸಿಜನ್ ಮಾಸ್ಕ್ ಕೆಲಸ ಮಾಡುವುದು ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ನಿಮಿಷ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರ, ಅಂದರೆ ಸುಮಾರು 14,800 ಅಡಿ. ಇಳಿಯೋಕೆ ಜಾಗವೇ ಇಲ್ಲ. ಹಾಗಾಗಿ ವಿಮಾನಗಳು ಸಾಧ್ಯವಾದಷ್ಟು ಆ ಪ್ರದೇಶವನ್ನು ಬಳಸಿ ಹೋಗುತ್ತವೆ.

ಎರಡನೆಯದು ಗಾಳಿ. ಸುಮಾರು 30,000ದಿಂದ 40,000 ಅಡಿ ಎತ್ತರದಲ್ಲಿ, ಉತ್ತರ ಗೋಳಾರ್ಧದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ, ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನ್ ಸುತ್ತಮುತ್ತ ಇದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ವಿಮಾನಕ್ಕೆ ಈ ಗಾಳಿ ಹಿಂದಿನಿಂದ ಬಂದರೆ ವರ, ಎದುರು ಬಂದರೆ ಶಾಪ.

ಈಗ ಒಂದು ಸಣ್ಣ ಲೆಕ್ಕ. ದೂರದೂರಿಗೆ ಹಾರುವ ಜೆಟ್‌ಗಳ ವೇಗ ಶಬ್ದದ ವೇಗದ ಸುಮಾರು ಶೇ 84, ಅಂದರೆ ಗಂಟೆಗೆ ಹತ್ತಿರತ್ತಿರ 900 ಕಿ.ಮೀ. ಬೆಂಗಳೂರಿನಿಂದ ಜಪಾನ್ ಕಡೆ ಹೋಗಿ ಪೆಸಿಫಿಕ್ ದಾಟಿದರೆ ದಾರಿ ಸುಮಾರು 14,900 ಕಿ.ಮೀ. ಹತ್ತಿರದ ದಾರಿಗಿಂತ 900 ಕಿ.ಮೀ. ಜಾಸ್ತಿ. ಆದರೆ ಗಾಳಿ ಸರಾಸರಿ 100 ಕಿ.ಮೀ. ವೇಗ ಸೇರಿಸಿಕೊಟ್ಟರೆ ಹಾರುವ ಸಮಯ 15 ಗಂಟೆಗೆ ಇಳಿಯುತ್ತೆ. ಅದೇ ದಾರಿಯಲ್ಲಿ ವಾಪಸ್ ಬಂದರೆ ಗಾಳಿ 100 ಕಿ.ಮೀ. ಕಿತ್ತುಕೊಳ್ಳುತ್ತೆ, ಹದಿನೆಂಟೂವರೆ ಗಂಟೆ ದಾಟುತ್ತೆ. ಹಾಗಾಗಿ ಬರುವಾಗ ಧ್ರುವದ ಕಡೆಯಿಂದ ಬರುವುದು ಲಾಭ. ಸರಿಯಾಗಿ ಉತ್ತರ ಧ್ರುವದ ಮೇಲೇ ಹಾದು ಬಂದರೂ ದೂರ ಸುಮಾರು 14,400 ಕಿ.ಮೀ. ಅಷ್ಟೇ. ಇದಕ್ಕೆ ಏರುವ, ಇಳಿಯುವ, ಬಳಸುವ ಸಮಯ ಸೇರಿಸಿದರೆ ಮೊದಲು ಹೇಳಿದ 16 ಮತ್ತು 17–18 ಗಂಟೆಗಳು ಸಿಗುತ್ತವೆ. ಹೋಗುವುದು ಪೂರ್ವಕ್ಕೆ, ಬರುವುದು ಉತ್ತರದಿಂದ. ಎರಡು ಪ್ರಯಾಣ ಸೇರಿ ಹೆಚ್ಚೂಕಡಿಮೆ ಅರ್ಧ ಭೂಗೋಳಕ್ಕೆ ಒಂದು ಸುತ್ತು.

2021ರ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಹೀಗೆ ಧ್ರುವ ಪ್ರದೇಶದ ಮೇಲೆ ಹಾರಿ ಬೆಂಗಳೂರಿಗೆ ಬಂತು. ಈ ಎರಡು ಊರುಗಳ ನಡುವಿನ ಮೊದಲ ನೇರ ವಿಮಾನ ಅದು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು, ನೇತೃತ್ವ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರದು. ಅದು ಇಳಿದಾಗ ಬೆಂಗಳೂರಿನಲ್ಲಿ ಸೋಮವಾರ ಬೆಳಗಿನ ಜಾವ ಮೂರು ದಾಟಿತ್ತು. ಪ್ರಯಾಣಿಕರು ಶನಿವಾರ ಹತ್ತಿ ಸೋಮವಾರ ಇಳಿದರು, ಅವರ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆಯಿತು. ಹೋಗುವವರಿಗೆ ಇದರ ಉಲ್ಟಾ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟರೆ ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳೀತಾರೆ. ಗಡಿಯಾರದ ಪ್ರಕಾರ ಎರಡೂವರೆ ಗಂಟೆ, ಮೈಕೈ ಪ್ರಕಾರ ಒಂದು ರಾತ್ರಿ ಪೂರ್ತಿ.

ಆ ನೇರ ಸೇವೆ ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಇಂಥ ಮಾರ್ಗಗಳ ಹಣೆಬರಹವೇ ಹಾಗೆ. ಆದ್ದರಿಂದ ಟಿಕೆಟ್ ಮಾಡುವ ಮುನ್ನ ಆ ತಿಂಗಳ ವೇಳಾಪಟ್ಟಿ ನೋಡುವುದು ಜಾಣತನ.

ಇಳಿದು ಹತ್ತುವ ದಾರಿಗಳು

ನೇರ ವಿಮಾನ ಇಲ್ಲದಿದ್ದರೆ ಅಥವಾ ದುಬಾರಿಯಾದರೆ ಇರುವ ಮುಖ್ಯ ದಾರಿಗಳ ದೂರ ಹೀಗಿದೆ. ಎಲ್ಲವೂ ಮಹಾವೃತ್ತದ ಲೆಕ್ಕ, ಸುಮಾರು:

ದೆಹಲಿ ಮೂಲಕ: 1,700 + 12,400 = 14,100 ಕಿ.ಮೀ.
ಹಾಂಗ್‌ಕಾಂಗ್ ಮೂಲಕ: 3,950 + 11,100 = 15,050 ಕಿ.ಮೀ.
ದುಬೈ ಮೂಲಕ: 2,700 + 13,000 = 15,700 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = 16,550 ಕಿ.ಮೀ.
ಸಿಂಗಪುರ ಮೂಲಕ: 3,200 + 13,600 = 16,800 ಕಿ.ಮೀ.

ಈ ಪಟ್ಟಿ ನೋಡಿ ದೂರ ಕಡಿಮೆ ಇರುವುದನ್ನು ಆರಿಸಬೇಡಿ. ನಡುವಿನ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯಬೇಕು ಅನ್ನುವುದೇ ನಿರ್ಣಾಯಕ. 1,500 ಕಿ.ಮೀ. ಹೆಚ್ಚಾದರೆ ಕಳೆದುಹೋಗುವುದು ಒಂದು ಮುಕ್ಕಾಲು ಗಂಟೆ. ಕನೆಕ್ಷನ್ ತಪ್ಪಿದರೆ ಹೋಗುವುದು ಒಂದು ಇಡೀ ದಿನ. ವಯಸ್ಸಾದವರಿಗೆ ಇನ್ನೊಂದು ಮಾತು ಇದೆ. ನಡುವೆ ಒಮ್ಮೆ ಇಳಿದು ಕಾಲಾಡಿಸುವ ಫ್ರಾಂಕ್‌ಫರ್ಟ್ ದಾರಿ, ಒಂದೇ ಸೀಟಿನಲ್ಲಿ ಹದಿನಾರು ಗಂಟೆ ಮಡಚಿ ಕೂರುವುದಕ್ಕಿಂತ ಮಂಡಿಗೆ ಹಿತ. ಆದರೆ ಇಂಗ್ಲಿಷ್ ಅಷ್ಟಾಗಿ ಬಾರದ, ಮೊದಲ ಸಲ ವಿದೇಶಕ್ಕೆ ಹೊರಟ ಅಮ್ಮನೊಬ್ಬರಿಗೆ ಆ ದೊಡ್ಡ ನಿಲ್ದಾಣದಲ್ಲಿ ಗೇಟ್ ಹುಡುಕುವುದು ಇನ್ನೊಂದು ಪರೀಕ್ಷೆ. ಅಂಥವರಿಗೆ ವೀಲ್‌ಚೇರ್ ಸಹಾಯ ಕೇಳಿ ಟಿಕೆಟ್ ಮಾಡುವ ರೂಢಿ ನಮ್ಮಲ್ಲಿ ಬೆಳೆದಿರುವುದು ಇದಕ್ಕೇ.

ಆಕಾಶಕ್ಕೂ ಬೇಲಿ ಇದೆ

ಈಗ ರಾಜಕೀಯಕ್ಕೆ ಬರೋಣ. 1944ರ ಡಿಸೆಂಬರ್‌ನಲ್ಲಿ ಸಹಿಯಾದ ಷಿಕಾಗೊ ಒಪ್ಪಂದದ ಮೊದಲ ವಿಧಿಯೇ ಹೇಳುತ್ತೆ, ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಹಕ್ಕಿದೆ ಎಂದು. ಇಳಿಯದೆ ಸುಮ್ಮನೆ ಮೇಲೆ ಹಾರಿಹೋಗುವ ಹಕ್ಕನ್ನು ಪರಸ್ಪರ ಕೊಟ್ಟುಕೊಳ್ಳಲು ಅದರ ಜೊತೆಗೇ ಇನ್ನೊಂದು ಒಪ್ಪಂದವೂ ಆಯಿತು. ಆದರೆ ಅದಕ್ಕೆ ರಷ್ಯಾ, ಚೀನಾ ಎರಡೂ ಸೇರಿಲ್ಲ. ನಮ್ಮ ಮಹಾವೃತ್ತ ಹಾದುಹೋಗುವ ಅತಿ ದೊಡ್ಡ ದೇಶಗಳು ಇವೇ ಎರಡು.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಪಶ್ಚಿಮದ ವಿಮಾನಗಳಿಗೆ ಬಹುತೇಕ ಮುಚ್ಚಿತ್ತು. ಯುರೋಪಿನಿಂದ ಟೋಕಿಯೊಗೆ ಹೋಗುವವರು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿದ್ದರು. ದಾರಿ ತಪ್ಪಿದರೆ ಏನಾಗಬಹುದು ಎಂಬುದನ್ನು 1983ರ ಸೆಪ್ಟೆಂಬರ್ 1 ತೋರಿಸಿತು. ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್ 007 ಸೋವಿಯತ್ ಆಕಾಶಕ್ಕೆ ನುಸುಳಿತು, ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ಜಿಪಿಎಸ್ ಅನ್ನು ಜನಸಾಮಾನ್ಯರ ಬಳಕೆಗೂ ಕೊಡುವುದಾಗಿ ಅಮೆರಿಕ ಘೋಷಿಸಿದ್ದು ಇದಾದ ಮೇಲೆಯೇ. ನಿಮ್ಮ ಫೋನಿನ ಮ್ಯಾಪ್‌ಗೆ ಅಂಥದೊಂದು ಹಿನ್ನೆಲೆ ಇದೆ.

ಸೋವಿಯತ್ ಒಕ್ಕೂಟ ಮುರಿದ ಮೇಲೆ ಆ ಆಕಾಶ ತೆರೆಯಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಮತ್ತೆ ಮುಚ್ಚಿತು. ಯುರೋಪ್, ಅಮೆರಿಕಗಳು ರಷ್ಯಾದ ವಿಮಾನಗಳನ್ನು ನಿಷೇಧಿಸಿದವು, ರಷ್ಯಾ ತಿರುಗಿ ನಿಷೇಧಿಸಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು ಒಂಬತ್ತು ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್‌ಗೆ ಈಗ ಸುಮಾರು ಹದಿಮೂರು ಗಂಟೆ ಬೇಕು. ಬೆಂಗಳೂರಿಗೂ ಇದರ ಬಿಸಿ ತಟ್ಟಿತು. ಯುನೈಟೆಡ್ ಏರ್‌ಲೈನ್ಸ್ 2020ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಘೋಷಿಸಿತ್ತು. ಕೋವಿಡ್‌ನಿಂದ ಮುಂದಕ್ಕೆ ಹೋಯಿತು, ರಷ್ಯಾದ ಆಕಾಶ ಮುಚ್ಚಿದ ಮೇಲೆ ಆ ಯೋಜನೆ ಹಾರಲೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ–ದೆಹಲಿ ನಡುವೆ ಹಾರುತ್ತಿದ್ದ ತನ್ನ ವಿಮಾನವನ್ನೂ ಆ ಕಂಪನಿ ನಿಲ್ಲಿಸಿತು.

ಭಾರತ ರಷ್ಯಾದ ನಿಷೇಧ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಏರ್ ಇಂಡಿಯಾ ಆ ಆಕಾಶ ಬಳಸಬಹುದು, ಅಮೆರಿಕದ ಕಂಪನಿಗಳು ಬಳಸುವಂತಿಲ್ಲ. ನಮ್ಮ ವಿದೇಶಾಂಗ ನೀತಿಯ ಬಗ್ಗೆ ಟಿವಿಯಲ್ಲಿ ಕೂಗಾಡುವವರು ಈ ಅನುಕೂಲದ ಮಾತೆತ್ತುವುದು ಕಡಿಮೆ. ಅನುಕೂಲಕ್ಕೆ ಬೆಲೆಯೂ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಇಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ನಿರ್ಬಂಧಗಳಿಗೆ ಒಳಗಾದ ದೇಶದ ಒಂದು ಸಣ್ಣ ಊರು, ಹೊಂದಿಸಿದ ವಸತಿ, ಬದಲಿ ವಿಮಾನಕ್ಕೆ ಕಾಯುತ್ತ ಸುಮಾರು ಎರಡು ದಿನ. ಅಮೆರಿಕದ ಪ್ರಜೆಗಳೂ ಅದರಲ್ಲಿದ್ದರಿಂದ ವಾಷಿಂಗ್ಟನ್‌ನಲ್ಲೂ ಅದು ಸುದ್ದಿಯಾಯಿತು.

ಪಾಕಿಸ್ತಾನದ ಬಾಗಿಲು

ಧ್ರುವ ದಾಟಿ ಮಧ್ಯ ಏಷ್ಯಾದ ಮೂಲಕ ಭಾರತಕ್ಕೆ ಬರುವ ವಿಮಾನಕ್ಕೆ ಸಹಜ ಬಾಗಿಲು ಪಾಕಿಸ್ತಾನದ ಆಕಾಶ. ಬಾಲಾಕೋಟ್ ದಾಳಿಯ ನಂತರ ಅದು 2019ರ ಫೆಬ್ರುವರಿ 27ರಿಂದ ಜುಲೈ 16ರವರೆಗೆ ಮುಚ್ಚಿತ್ತು. ಜುಲೈ 2ರವರೆಗೆ ಏರ್ ಇಂಡಿಯಾ ಒಂದಕ್ಕೇ ಆದ ನಷ್ಟ 491 ಕೋಟಿ ರೂಪಾಯಿ ಎಂದು ಸರ್ಕಾರವೇ ರಾಜ್ಯಸಭೆಗೆ ತಿಳಿಸಿತು. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ಮತ್ತೆ ಆಕಾಶ ಮುಚ್ಚಿತು, ಏಪ್ರಿಲ್ 30ರಂದು ಭಾರತವೂ ಅದನ್ನೇ ಮಾಡಿತು. ಉತ್ತರ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು.

ಇಲ್ಲಿ ಗಮನಿಸಬೇಕಾದ್ದು: ಈ ಮುಚ್ಚುಗಡೆ ಭಾರತೀಯ ಕಂಪನಿಗಳಿಗೆ ಮಾತ್ರ ಅನ್ವಯ. ಬೇರೆ ದೇಶದ ವಿಮಾನಗಳಿಗೆ ಆ ನಿರ್ಬಂಧ ಇಲ್ಲ. ಅಂದರೆ ಒಂದೇ ಆಕಾಶದಲ್ಲಿ ರಷ್ಯಾ ಭಾಗದಲ್ಲಿ ನಮಗೆ ಅನುಕೂಲ, ಪಾಕಿಸ್ತಾನ ಭಾಗದಲ್ಲಿ ನಮಗೇ ಪೆಟ್ಟು. ರಾಷ್ಟ್ರೀಯ ಭದ್ರತೆಯ ತೀರ್ಮಾನಗಳನ್ನು ಟಿಕೆಟ್ ದರ ನೋಡಿ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವುಗಳ ಬಿಲ್ ಯಾರಿಗೆ ಹೋಗುತ್ತೆ, ಎಷ್ಟು ಅಂತ ಕೇಳುವುದು ದೇಶದ್ರೋಹವಲ್ಲ. 2019ರಲ್ಲಿ ಸಂಸತ್ತಿನಲ್ಲಿ ಯಾರೋ ಕೇಳಿದ್ದಕ್ಕೇ ಆ 491 ಕೋಟಿಯ ಸಂಖ್ಯೆ ನಮಗೆ ಸಿಕ್ಕಿದ್ದು.

ಒಂದು ಶನಿವಾರದ ಲೆಕ್ಕ

ಪ್ರಯಾಣದ ಸಮಯ ಒಂದು ಕಾನೂನಿನ ಪ್ರಶ್ನೆಯೂ ಆಗಬಹುದು ಎಂದು 2025ರ ಸೆಪ್ಟೆಂಬರ್‌ನಲ್ಲಿ ನಾವೆಲ್ಲ ನೋಡಿದೆವು. ಸೆಪ್ಟೆಂಬರ್ 19ರ ಶುಕ್ರವಾರ ಅಮೆರಿಕದ ಅಧ್ಯಕ್ಷ ಟ್ರಂಪ್ ಎಚ್-1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶಕ್ಕೆ ಸಹಿ ಹಾಕಿದರು. ಜಾರಿ: ವಾಷಿಂಗ್ಟನ್ ಸಮಯ 21ನೇ ತಾರೀಕು ಮಧ್ಯರಾತ್ರಿ 12 ಗಂಟೆ 1 ನಿಮಿಷ. ಭಾರತದ ಗಡಿಯಾರದಲ್ಲಿ ಅದು ಭಾನುವಾರ ಬೆಳಿಗ್ಗೆ 9 ಗಂಟೆ 31 ನಿಮಿಷ.

ಹಬ್ಬಕ್ಕೋ ಮದುವೆಗೋ ಊರಿಗೆ ಬಂದಿದ್ದ ಒಬ್ಬರು ಶನಿವಾರ ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ನೋಡುತ್ತಾರೆ ಅಂದುಕೊಳ್ಳಿ. ಅವರ ಕೈಯಲ್ಲಿ ಇರುವುದು ಇಪ್ಪತ್ತೇಳೂವರೆ ಗಂಟೆ. ಹಾಸನದಲ್ಲಿದ್ದರೆ ದೇವನಹಳ್ಳಿಗೆ ನಾಲ್ಕೈದು ಗಂಟೆ. ಸಿಗುವ ಮೊದಲ ವಿಮಾನಕ್ಕೆ ಕಾಯುವುದು, ಇಳಿದು ಹತ್ತುವುದು, ಅಮೆರಿಕದ ಯಾವುದಾದರೂ ಒಂದು ನಿಲ್ದಾಣದಲ್ಲಿ ಇಮಿಗ್ರೇಷನ್ ದಾಟುವುದು. ನೇರ ವಿಮಾನದಲ್ಲಿ ಸೀಟ್ ಸಿಕ್ಕರೆ ಮುಟ್ಟಬಹುದು, ಇಲ್ಲದಿದ್ದರೆ ಕಷ್ಟ. ಈ ಲೆಕ್ಕವನ್ನು ಆ ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ ಹಾಕಿದರು. ಹಲವು ದೊಡ್ಡ ಕಂಪನಿಗಳು ಕೂಡಲೇ ವಾಪಸ್ ಬನ್ನಿ ಎಂದು ನೌಕರರಿಗೆ ಸಂದೇಶ ಕಳಿಸಿದವು. ಇತ್ತ ಬರಲು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಮಾನ ಹತ್ತಿ ಕೂತಿದ್ದ ಕೆಲವರು ಇಳಿದುಹೋದ ವರದಿಗಳೂ ಬಂದವು. ನನ್ನ ಹಳೇ ಹಾಸ್ಟೆಲ್ ಗ್ರೂಪ್‌ನಲ್ಲಿ ಆ ದಿನ ಹರಿದಾಡಿದ್ದು ಮೀಮ್‌ಗಳಲ್ಲ, ಬರೀ ವಿಮಾನದ ನಂಬರುಗಳು. ಶನಿವಾರವೇ ಶ್ವೇತಭವನ ಸ್ಪಷ್ಟನೆ ಕೊಟ್ಟಿತು, ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಅಂತ. ಅಷ್ಟರಲ್ಲಿ ಟಿಕೆಟ್‌ಗೆ ಸುರಿದ ದುಡ್ಡು ಸುರಿದಾಗಿತ್ತು.

ಒಂದು ದಿನದ ಗಡುವು ಕೊಡುವವರಿಗೆ ಭೂಗೋಳ ಗೊತ್ತಿರಲಿಲ್ಲ ಅಂತಲ್ಲ. ಅದು ಅವರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಮನೆಯಿಂದ ಮನೆಗೆ

ವಿಮಾನ ಕಂಪನಿಗಳು ಹೇಳುವ ಸಮಯ ಗೇಟ್‌ನಿಂದ ಗೇಟ್‌ಗೆ. ನಿಜವಾದ ಪ್ರಯಾಣ ಬಾಗಿಲಿಂದ ಬಾಗಿಲಿಗೆ. ಬೆಂಗಳೂರಿನ ಜಯನಗರದಿಂದ ದೇವನಹಳ್ಳಿಗೆ ಟ್ರಾಫಿಕ್ ನೋಡಿಕೊಂಡು ಎರಡು ಗಂಟೆ ಇಟ್ಟುಕೊಳ್ಳಬೇಕು. ಮೂರು ಗಂಟೆ ಮುಂಚೆ ಅಲ್ಲಿರಬೇಕು. ಆ ಕಡೆ ಇಳಿದ ಮೇಲೆ ಇಮಿಗ್ರೇಷನ್, ಲಗೇಜು, ಸ್ಯಾನ್ ಹೋಸೆಗೋ ಫ್ರೀಮಾಂಟ್‌ಗೋ ಕಾರು, ಒಟ್ಟು ಎರಡು ಗಂಟೆ. ನೇರ ವಿಮಾನದಲ್ಲೂ 23 ಗಂಟೆ ಆಯಿತು. ಕಲಬುರಗಿ, ಬೀದರ್ ಕಡೆಯವರಾದರೆ ರಾತ್ರಿಯಿಡೀ ಬಸ್ಸೋ ರೈಲೋ ಸೇರಿಸಿ 35 ಗಂಟೆ. ನಮ್ಮ ರಾಜ್ಯದೊಳಗಿನ 600 ಕಿ.ಮೀ.ಗೆ ತಗಲುವ ಹೊತ್ತು, ವಿಮಾನ ಪೆಸಿಫಿಕ್ ಸಾಗರ ದಾಟುವ ಹೊತ್ತಿಗೆ ಹೆಚ್ಚುಕಡಿಮೆ ಸಮ.

ಈ ಗಂಟೆಗಳು ನಿಜಕ್ಕೂ ಭಾರವಾಗುವುದು ಒಂದೇ ಸಂದರ್ಭದಲ್ಲಿ. ನಮ್ಮಲ್ಲಿ ಸಾವಾದರೆ ಸಾಮಾನ್ಯವಾಗಿ ಅದೇ ದಿನ ಅಥವಾ ಮಾರನೇ ದಿನ ಮಣ್ಣು ಇಲ್ಲವೇ ಸಂಸ್ಕಾರ. ಬೇ ಏರಿಯಾದಲ್ಲಿರುವ ಮಗನಿಗೆ ಸುದ್ದಿ ಮುಟ್ಟಿ, ಟಿಕೆಟ್ ಸಿಕ್ಕಿ, ದಾವಣಗೆರೆಯ ಮನೆ ಮುಂದೆ ಇಳಿಯಲು ಎಲ್ಲ ಸರಿಯಾದರೆ 30 ಗಂಟೆ. ಅದಕ್ಕೇ ಈಗ ಬಾಡಿಗೆ ಫ್ರೀಜರ್ ಬಾಕ್ಸ್ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತೆ. "ಕಾಯೋದಾ, ಮುಗಿಸೋದಾ" ಅನ್ನುವ ಮಾತು ಮನೆಯ ಹಿರಿಯರ ನಡುವೆ ಪಿಸುಗುಟ್ಟುತ್ತೆ. ನನ್ನ ಒಬ್ಬ ಸಹಪಾಠಿ ಅವರಪ್ಪನ ಸಂಸ್ಕಾರವನ್ನು ವಿಡಿಯೊ ಕಾಲ್‌ನಲ್ಲಿ ನೋಡಿದ. ಅವನ ವೀಸಾ ಸ್ಟಾಂಪಿಂಗ್ ಆಗಿರಲಿಲ್ಲ. ಬಂದರೆ ವಾಪಸ್ ಹೋಗುವುದು ಯಾವಾಗ ಅಂತ ಗೊತ್ತಿರಲಿಲ್ಲ. ಅವನ ಮಟ್ಟಿಗೆ 14,000 ಕಿ.ಮೀ. ದಾಟಬಹುದಾದ ದೂರವೇ. ದಾಟಲಾಗದೇ ಹೋದದ್ದು ಒಂದು ಸ್ಟಾಂಪು.

ಇಂಧನದ ಪ್ರಶ್ನೆ

ಹವಾಮಾನದ ಬಗ್ಗೆ ಮಾತಾಡುವ ನಮ್ಮ ತಲೆಮಾರು ಈ ಪುಟ ಹಾರಿಸುವಂತಿಲ್ಲ. ಆ ಮೊದಲ ಯಾನದಂಥ ಬೋಯಿಂಗ್ 777-200ಎಲ್‌ಆರ್ ಗರಿಷ್ಠ 347 ಟನ್ ತೂಕದೊಂದಿಗೆ ನೆಲ ಬಿಡಬಹುದು. ಇಷ್ಟು ದೂರಕ್ಕೆ ಅದು ಸುಡುವುದು 100 ಟನ್‌ಗಿಂತ ಹೆಚ್ಚು ಇಂಧನ. ಒಂದು ಕಿಲೊ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೊ ಇಂಗಾಲದ ಡೈಆಕ್ಸೈಡ್. 100 ಟನ್ ಅಂತಲೇ ಇಟ್ಟುಕೊಂಡು, 238 ಸೀಟು ಪೂರ್ತಿ ತುಂಬಿದೆ ಅಂದುಕೊಂಡರೂ ತಲೆಗೆ 1.3 ಟನ್, ಅದೂ ಒಂದು ಕಡೆಗೆ. ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿ ಸುಮಾರು 2 ಟನ್. ಹೋಗಿ ಬಂದರೆ ಒಂದು ವರ್ಷದ ಪಾಲು ಮುಗಿದು ಮುಂದಿನ ವರ್ಷದ ಸಾಲವೂ ಆಯಿತು.

ಬಹಳ ದೂರದ ನೇರ ವಿಮಾನಕ್ಕೆ ಇನ್ನೊಂದು ಕಾಯಿಲೆ ಇದೆ. ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದಲೇ ಹೊರಬೇಕು, ಆ ಹೊರೆ ಹೊರುವುದಕ್ಕೇ ಮತ್ತಷ್ಟು ಇಂಧನ ಸುಡಬೇಕು. ಆಕಾಶ ಮುಚ್ಚಿ ದಾರಿ ಉದ್ದವಾದಾಗ ಈ ಲೆಕ್ಕ ಇನ್ನೂ ಕೆಡುತ್ತೆ. ವಿಮಾನದ ವೇಗವೇ ಹೆಚ್ಚಿಸಿದರೆ? 1958ರಲ್ಲಿ ಸೇವೆಗೆ ಬಂದ ಬೋಯಿಂಗ್ 707 ಕೂಡ ಹೆಚ್ಚುಕಡಿಮೆ ಇದೇ ವೇಗದಲ್ಲಿ ಹಾರುತ್ತಿತ್ತು. ಆರು ದಶಕಗಳಲ್ಲಿ ಬೆಳೆದದ್ದು ವಿಮಾನ ನಿಲ್ಲದೆ ಹಾರುವ ದೂರ, ಅದರ ಓಟವಲ್ಲ.

ನಿಮ್ಮದೇ ಊರಿನ ಲೆಕ್ಕ

ಯಾವುದೇ ಎರಡು ದೂರದ ಊರುಗಳಿಗೆ ಅಂದಾಜು ಮಾಡುವುದು ಸುಲಭ. ಮಹಾವೃತ್ತದ ದೂರ ಹುಡುಕಿ, 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ನಮ್ಮ 14,000ಕ್ಕೆ ಅದು ಸುಮಾರು 17 ಗಂಟೆ ಕೊಡುತ್ತೆ, ಹೋಗುವ ಬರುವ ಸಮಯಗಳ ಸರಾಸರಿ. ಪೂರ್ವಕ್ಕೆ ಹಾರಿದರೆ ಅದರಲ್ಲಿ ಶೇ 5ರಷ್ಟು ಕಳೆಯಿರಿ, ಪಶ್ಚಿಮಕ್ಕಾದರೆ ಅಷ್ಟೇ ಸೇರಿಸಿ. ನಿಗದಿತ ನೇರ ವಿಮಾನಗಳಲ್ಲಿ ಅತಿ ಉದ್ದದ್ದು ಎನಿಸಿಕೊಂಡ ಸಿಂಗಪುರ–ನ್ಯೂಯಾರ್ಕ್ 15,300 ಕಿ.ಮೀ. ದಾಟುತ್ತೆ, ಅದಕ್ಕೆ ಸುಮಾರು ಹದಿನೆಂಟೂವರೆ ಗಂಟೆ. ಸೂತ್ರ ಹಾಕಿ ನೋಡಿ, ಹತ್ತಿರ ಬರುತ್ತೆ.

ಆಮೇಲೆ ಸೂತ್ರದಲ್ಲಿ ಇಲ್ಲದ್ದನ್ನು ಸೇರಿಸಬೇಕು. ದಾರಿಯಲ್ಲಿ ಯಾರ ಆಕಾಶ ಇದೆ, ಅವರಿಗೂ ನಿಮ್ಮ ವಿಮಾನದ ಬಾಲದ ಮೇಲಿರುವ ಧ್ವಜಕ್ಕೂ ಸಂಬಂಧ ಹೇಗಿದೆ, ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಯಾವ ಸ್ಟಾಂಪ್ ಇದೆ, ನಿಮ್ಮ ಜಿಲ್ಲೆಯಿಂದ ದೇವನಹಳ್ಳಿಗೆ ರೈಲು ಇದೆಯಾ. ಗಾಳಿಯನ್ನು ನಾವ್ಯಾರೂ ಬದಲಾಯಿಸೋಕಾಗಲ್ಲ. ಉಳಿದ ನಾಲ್ಕೂ ಯಾರೋ ಕೂತು ತೀರ್ಮಾನಿಸಿದ್ದು. ವೋಟು ಕೇಳಲು ಬಂದವರ ಮುಂದೆ, ಕನಿಷ್ಠ ಕೊನೆಯದನ್ನಾದರೂ ಇಡಬಹುದು.